ಹಳದಿ ಬೋಲ್ಟು, ಬಿಳಿ ಬೋಲ್ಟು: ಪ್ಲೇಟಿಂಗ್ ತೊಟ್ಟಿಯಲ್ಲಿ ಬದಲಾಗಬೇಕಾದದ್ದು ಏನು?

ಯಾವುದಾದರೂ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಒಂದು ಮುಷ್ಟಿ ಬೋಲ್ಟು ಕೇಳಿ. ಅಂಗಡಿಯವರು ಎರಡು ಡಬ್ಬಿ ಮುಂದಿಡುತ್ತಾರೆ. ಒಂದರಲ್ಲಿ ಬಿಳಿ ಬೋಲ್ಟು, ತುಸು ನೀಲಿ ಹೊಳಪು. ಇನ್ನೊಂದರಲ್ಲಿ ಹಳದಿ. ಹಳದಿಯದನ್ನು ಬೆಳಕಿಗೆ ಹಿಡಿದರೆ, ಎಣ್ಣೆ ಬಿದ್ದ ನೀರಿನ ಹಾಗೆ ಅದರ ಮೇಲೆ ಹಸಿರು, ಕೆಂಪು ಆಡುತ್ತದೆ. ಯಾವುದು ಒಳ್ಳೆಯದು ಅಂತ ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: "ಹಳದೀದು ತಗೊಳ್ಳಿ ಸಾರ್, ಬೇಗ ತುಕ್ಕು ಹಿಡಿಯಲ್ಲ."

ಅವರ ಮಾತು ನಿಜ. ತೊಂದರೆ ಇರುವುದೂ ಅಲ್ಲೇ. ಎರಡೂ ಬೋಲ್ಟಿನ ಮೇಲಿರುವುದು ಸತುವಿನ ಲೇಪವೇ. ಆ ಸತುವಿನ ಮೇಲೆ ಇನ್ನೊಂದು ತೆಳು ಪೊರೆ ಬರಿಸುತ್ತಾರೆ, ಅದಕ್ಕೆ ಪ್ಯಾಸಿವೇಶನ್ ಅನ್ನುತ್ತಾರೆ. ಹಳದಿ ಬಣ್ಣ ಆ ಪೊರೆಯದ್ದು. ಹಿಂದಿನಿಂದ ಬಂದ ಪದ್ಧತಿಯಲ್ಲಿ ಆ ಹಳದಿ ಬರುವುದು ಹೆಕ್ಸಾ ಕ್ರೋಮ್‌ನಿಂದ, ಅಂದರೆ ಆರು ವೇಲೆನ್ಸಿಯ ಕ್ರೋಮಿಯಂನಿಂದ. ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಅದು ಇದೆ. ಯುರೋಪು ಅದನ್ನು ಕಾರುಗಳಿಂದ ತೆಗೆಸಿ ಹದಿನೆಂಟು ವರ್ಷದ ಮೇಲಾಯಿತು. ನಮ್ಮ ಅಂಗಡಿಯ ಡಬ್ಬಿಯಲ್ಲಿ ಅದು ಇನ್ನೂ ಇದೆ.

ಇದನ್ನು ಬದಲಾಯಿಸಲು ಬೇಕಾದ ರಸಾಯನ ಶಾಸ್ತ್ರ ಎಂದೋ ಸಿದ್ಧವಾಗಿದೆ. ಅಡ್ಡ ನಿಂತಿರುವುದು ಬೇರೆಯೇ. ಅದು ಏನು ಅಂತ ತಿಳಿಯಬೇಕಾದರೆ, ಪ್ಲೇಟಿಂಗ್ ಯಾಕೆ ಮಾಡುತ್ತಾರೆ, ಹೇಗೆ ಮಾಡುತ್ತಾರೆ ಅನ್ನುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಕುಂದಾಪುರದ ಹತ್ತಿರ ನಮ್ಮ ಹಳೆ ಮನೆಯ ಮೇಲೆ ನೀರಿನ ಟ್ಯಾಂಕಿಗೆ ಒಂದು ಕಬ್ಬಿಣದ ಸ್ಟ್ಯಾಂಡ್ ಮಾಡಿಸಿದ್ದೆವು. ಆ್ಯಂಗಲ್‌ಗಳಿಗೆ ಚೆನ್ನಾಗಿ ಪೇಂಟ್ ಹೊಡೆಸಿ, ಫಳಫಳ ಹೊಳೆಯುವ ಬಿಳಿ ಬೋಲ್ಟು ಹಾಕಿಸಿದೆವು. ಎರಡು ಮಳೆಗಾಲ ಕಳೆಯಿತು. ಪೇಂಟ್ ಹಾಗೇ ಇತ್ತು, ಬೋಲ್ಟಿನ ತಲೆಯಿಂದ ಕೆಂಪು ನೀರು ಇಳಿದು ಗೋಡೆಯ ಮೇಲೆ ಗೆರೆ ಎಳೆದಿತ್ತು. ಸ್ಪ್ಯಾನರ್ ಹಾಕಿದರೆ ಒಂದು ಬೋಲ್ಟೂ ತಿರುಗಲಿಲ್ಲ, ಎಲ್ಲವನ್ನೂ ಕತ್ತರಿಸಿಯೇ ತೆಗೆಯಬೇಕಾಯಿತು. ಅವತ್ತು ನಾನು ಮೋಸದ ಮಾಲು ಅಂದುಕೊಂಡಿದ್ದೆ. ಆಮೇಲೆ ಲೆಕ್ಕ ಹಾಕಿದಾಗ ಗೊತ್ತಾಯಿತು, ಆ ಬೋಲ್ಟು ಅಷ್ಟೇ ಬಾಳಬೇಕಿತ್ತು.

ಲೆಕ್ಕ ಸುಲಭ. ಕಬ್ಬಿಣಕ್ಕಿಂತ ಸತು ಹೆಚ್ಚು ಚುರುಕಾಗಿ ರಾಸಾಯನಿಕ ಕ್ರಿಯೆಗೆ ಇಳಿಯುವ ಲೋಹ. ಎರಡೂ ಅಂಟಿಕೊಂಡು ನೀರು, ಗಾಳಿಗೆ ಸಿಕ್ಕರೆ ಮೊದಲು ಸತು ಸವೆಯುತ್ತದೆ, ಕಬ್ಬಿಣ ಉಳಿಯುತ್ತದೆ. ಲೇಪಕ್ಕೆ ಗೀರು ಬಿದ್ದು ಒಳಗಿನ ಕಬ್ಬಿಣ ಕಂಡರೂ ಸುತ್ತಲಿನ ಸತು ತಾನು ಕರಗಿ ಅದನ್ನು ಕಾಯುತ್ತದೆ. ಪೇಂಟಿಗೆ ಈ ಗುಣ ಇಲ್ಲ. ಹಾಗಾಗಿ ಸತು ಎಷ್ಟು ದಪ್ಪ ಇದೆ, ವರ್ಷಕ್ಕೆ ಎಷ್ಟು ಸವೆಯುತ್ತದೆ, ಇವೆರಡು ಗೊತ್ತಾದರೆ ಆಯುಷ್ಯ ಗೊತ್ತಾಯಿತು. ಐಎಸ್‌ಒ 9223 ಎಂಬ ಮಾನದಂಡ ವಾತಾವರಣವನ್ನು ದರ್ಜೆಗಳಾಗಿ ವಿಂಗಡಿಸಿದೆ. ಮಧ್ಯಮ ದರ್ಜೆಯ ಊರಿನಲ್ಲಿ ಸತು ವರ್ಷಕ್ಕೆ 0.7ರಿಂದ 2.1 ಮೈಕ್ರಾನ್ ಸವೆಯುತ್ತದೆ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ). ಉಪ್ಪುಗಾಳಿ ಜೋರಾಗಿರುವ ಕಡಲ ದಡದಲ್ಲಿ 4.2ರಿಂದ 8.4 ಮೈಕ್ರಾನ್. ಮಾಮೂಲಿ ಪ್ಲೇಟಿಂಗ್ ಬೋಲ್ಟಿನ ಮೇಲೆ ಇರುವುದು ಹೆಚ್ಚೂಕಡಿಮೆ 5ರಿಂದ 8 ಮೈಕ್ರಾನ್. ಒಳನಾಡಿನಲ್ಲಿ ಅದು ಹತ್ತು ವರ್ಷವೂ ಬಂದೀತು. ಸಮುದ್ರದ ಪಕ್ಕದಲ್ಲಿ ಒಂದೆರಡು ವರ್ಷ, ಅಷ್ಟೇ.

ಅಲ್ಲಿ ಬೇಕಾಗಿದ್ದದ್ದು ಹಾಟ್ ಡಿಪ್ ಗ್ಯಾಲ್ವನೈಸಿಂಗ್ ಮಾಡಿದ ಬೋಲ್ಟು. ಸತು ಕರಗುವುದು ಸುಮಾರು 420 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದನ್ನು 450 ಡಿಗ್ರಿಯ ಆಸುಪಾಸಿನಲ್ಲಿ ಕರಗಿಸಿಟ್ಟುಕೊಂಡು, ತೊಳೆದು ಶುದ್ಧ ಮಾಡಿದ ಕಬ್ಬಿಣವನ್ನು ಅದರೊಳಗೆ ಮುಳುಗಿಸುತ್ತಾರೆ. ಕರೆಂಟ್ ಕಂಬ, ಹೆದ್ದಾರಿಯ ತಡೆಬೇಲಿ, ಟವರ್ ಎಲ್ಲ ಹೀಗೇ ಆಗುವುದು. ದಪ್ಪ ಕಬ್ಬಿಣಕ್ಕೆ 85 ಮೈಕ್ರಾನ್, ಅದಕ್ಕೂ ಜಾಸ್ತಿ ಸತು ಹತ್ತುತ್ತದೆ. ಬೋಲ್ಟಿನ ಥ್ರೆಡ್, ಅಂದರೆ ತಿರುಪಿನ ಗೆರೆ, ತುಂಬಿಹೋಗುವುದರಿಂದ ಅದಕ್ಕೆ ಅಷ್ಟು ದಪ್ಪ ಕೊಡಲಾಗುವುದಿಲ್ಲ. ಆದರೂ ಪ್ಲೇಟಿಂಗಿಗೆ ಹೋಲಿಸಿದರೆ ಹಲವು ಪಟ್ಟು ಜಾಸ್ತಿ. ನೋಡಲು ಮಂಕಾಗಿ, ಬೂದು ಬಣ್ಣಕ್ಕೆ, ಒರಟಾಗಿ ಇರುತ್ತದೆ. ನಾವು ಹೊಳಪು ನೋಡಿ ದುಡ್ಡು ಕೊಟ್ಟಿದ್ದೆವು.

ಇದೇ ಲೆಕ್ಕ ಜಿಐ ಶೀಟಿಗೂ ಸಲ್ಲುತ್ತದೆ. ಶೀಟಿನ ಮೇಲೆ 120 ಎಂದು ದರ್ಜೆ ಬರೆದಿದ್ದರೆ ಎರಡೂ ಬದಿ ಸೇರಿ ಚದರ ಮೀಟರಿಗೆ 120 ಗ್ರಾಂ ಸತು ಇದೆ ಅಂತ ಅರ್ಥ. ಒಂದು ಬದಿಗೆ 60 ಗ್ರಾಂ, ಅಂದರೆ ಎಂಟೂವರೆ ಮೈಕ್ರಾನಿಗಿಂತ ಒಂಚೂರು ಕಮ್ಮಿ. 275 ಅಂತಿದ್ದರೆ ಒಂದು ಬದಿಗೆ ಸುಮಾರು 19 ಮೈಕ್ರಾನ್. ಕರಾವಳಿಯಲ್ಲಿ ಮನೆ ಕಟ್ಟುವವರು ಶೀಟಿನ ದಪ್ಪ ಕೇಳುತ್ತಾರೆ, ಸತುವಿನ ಗ್ರಾಂ ಕೇಳುವವರು ಅಪರೂಪ. ದಯವಿಟ್ಟು ಕೇಳಿ.

ಬಿಸಿ ಲೋಹದ ಲೇಪ ನಮಗೆ ಹೊಸದೇನೂ ಅಲ್ಲ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವುದೂ ಇದೇ ಕೆಲಸ. ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರ ಉದುರಿಸಿ, ತವರದ ಕಡ್ಡಿಯನ್ನು ಮುಟ್ಟಿಸಿ ಹತ್ತಿಯಲ್ಲಿ ಉಜ್ಜಿದರೆ ಕ್ಷಣದಲ್ಲಿ ಒಳಗೆಲ್ಲ ಬೆಳ್ಳಿಯಂತೆ ಹೊಳೆಯುತ್ತದೆ. ಬುಸ್ ಅಂತ ಏಳುವ ಬಿಳಿ ಹೊಗೆ ನವಸಾಗರದ್ದು. ಲೋಹದ ಮೇಲಿನ ಕಿಲುಬು ತಿಂದು ಮೈ ಶುದ್ಧ ಮಾಡುವುದು ಅದರ ಕೆಲಸ. ದೊಡ್ಡ ಗ್ಯಾಲ್ವನೈಸಿಂಗ್ ಕಾರ್ಖಾನೆಯಲ್ಲೂ ಮುಳುಗಿಸುವ ಮುಂಚೆ ಸತು ಮತ್ತು ಅಮೋನಿಯಂ ಕ್ಲೋರೈಡಿನ ನೀರಿನಲ್ಲಿ ಅದ್ದುತ್ತಾರೆ. ಆ ಅಮೋನಿಯಂ ಕ್ಲೋರೈಡ್ ಅಂದರೆ ಅದೇ ನವಸಾಗರ.

ಕರೆಂಟ್ ಹರಿಸಿ ಮಾಡುವ ಪ್ಲೇಟಿಂಗ್ ಬೇರೆ ದಾರಿ. ಲೋಹದ ಲವಣ ಕರಗಿಸಿದ ತೊಟ್ಟಿಯಲ್ಲಿ ಬೋಲ್ಟನ್ನು ಋಣ ತುದಿಗೆ ಸಿಕ್ಕಿಸಿ, ಸತುವಿನ ತುಂಡನ್ನು ಧನ ತುದಿಗೆ ಕೊಟ್ಟು, ರೆಕ್ಟಿಫೈಯರ್‌ನಿಂದ ಡಿಸಿ ಕರೆಂಟ್ ಬಿಡುತ್ತಾರೆ. ಸತುವಿನ ತುಂಡು ಕರಗುತ್ತಾ ಹೋಗುತ್ತದೆ, ಬೋಲ್ಟಿನ ಮೇಲೆ ಸತು ಕೂರುತ್ತಾ ಬರುತ್ತದೆ. ಎಷ್ಟು ಕರೆಂಟಿಗೆ ಎಷ್ಟು ಲೋಹ ಅನ್ನುವುದನ್ನು ಮೈಕೆಲ್ ಫ್ಯಾರಡೆ 1830ರ ದಶಕದಲ್ಲೇ ಹೇಳಿಟ್ಟರು. ಒಂದು ಆಂಪಿಯರ್ ಕರೆಂಟ್ ಒಂದು ಗಂಟೆ ಹರಿದರೆ 1.22 ಗ್ರಾಂ ಸತು, ನಿಕಲ್ ಆದರೆ 1.09 ಗ್ರಾಂ. ಒಂದು ಚದರ ಮೀಟರ್ ಮೈಗೆ 8 ಮೈಕ್ರಾನ್ ಸತು ಹತ್ತಿಸಲು ಬರೀ 57 ಗ್ರಾಂ ಸಾಕು. ಕಬ್ಬಿಣದ ವಸ್ತುವಿಗೆ ಇಷ್ಟು ಅಗ್ಗದಲ್ಲಿ ಇಷ್ಟು ವರ್ಷ ಕೊಡುವ ಕೆಲಸ ಬೇರೆ ಸಿಗುವುದು ಕಷ್ಟ.

ಆದರೆ ಕರೆಂಟ್ ಎಲ್ಲ ಕಡೆ ಸಮನಾಗಿ ಹರಿಯುವುದಿಲ್ಲ. ಚೂಪಾದ ಅಂಚಿಗೆ, ಮೂಲೆಗೆ ಜಾಸ್ತಿ ನುಗ್ಗುತ್ತದೆ. ತೂತಿನ ಒಳಗೆ, ಸಂದಿಗೆ ಕಮ್ಮಿ. ಹಾಗಾಗಿ ಒಂದೇ ವಸ್ತುವಿನ ಅಂಚಿನಲ್ಲಿ 20 ಮೈಕ್ರಾನ್ ಇದ್ದು ಒಳಗಿನ ತೂತಿನಲ್ಲಿ ಎರಡು ಮೈಕ್ರಾನ್ ಇರಬಹುದು. ಅದಕ್ಕೆ ಉತ್ತರವಾಗಿ ಬಂದದ್ದು ಎಲೆಕ್ಟ್ರೋಲೆಸ್ ನಿಕಲ್. ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ಬ್ರೆನ್ನರ್ ಮತ್ತು ರಿಡೆಲ್ 1946ರಲ್ಲಿ ಇದನ್ನು ಪ್ರಕಟಿಸಿದರು. ಇಲ್ಲಿ ಕರೆಂಟೇ ಇಲ್ಲ. ತೊಟ್ಟಿಯಲ್ಲಿರುವ ಸೋಡಿಯಂ ಹೈಪೋಫಾಸ್ಫೈಟ್ ನಿಕಲನ್ನು ಲೋಹವಾಗಿಸಿ ಮೈ ಮೇಲೆ ಕೂರಿಸುತ್ತದೆ. ನೀರು ಮುಟ್ಟಿದಲ್ಲೆಲ್ಲ ಒಂದೇ ದಪ್ಪ. ವಾಲ್ವಿನ ಒಳಮೈ, ಪಂಪಿನ ಭಾಗ, ಸಣ್ಣ ಕೊಳವೆಗೆ ಇದು ಬಹಳ ಒಳ್ಳೆಯದು. ತೊಟ್ಟಿಯನ್ನು ಸುಮಾರು 90 ಡಿಗ್ರಿ ಬಿಸಿಯಲ್ಲಿ ಇಡಬೇಕು, ರಸಾಯನ ಆಗಾಗ ಬದಲಿಸಬೇಕು. ಹಾಗಾಗಿ ದುಬಾರಿ.

ಇನ್ನೊಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಪ್ಲೇಟಿಂಗ್ ಮಾಡುವಾಗ, ಅದಕ್ಕೆ ಮುಂಚೆ ಆ್ಯಸಿಡ್‌ನಲ್ಲಿ ತೊಳೆಯುವಾಗ, ಕಬ್ಬಿಣದ ಮೈ ಮೇಲೆ ಹೈಡ್ರೋಜನ್ ಹುಟ್ಟುತ್ತದೆ. ಅದರಲ್ಲಿ ಸ್ವಲ್ಪ ಉಕ್ಕಿನ ಒಳಗೆ ಸೇರಿಕೊಳ್ಳುತ್ತದೆ. ಮಾಮೂಲಿ ಮೆತ್ತನೆಯ ಉಕ್ಕಿಗೆ ಏನೂ ಆಗುವುದಿಲ್ಲ. ಬಹಳ ಗಟ್ಟಿ ಮಾಡಿದ ಉಕ್ಕಿನ ಬೋಲ್ಟು ಆದರೆ, ಬಿಗಿ ಮಾಡಿ ಹೋದ ಮೇಲೆ, ಒಂದು ದಿನ ಬಿಟ್ಟೋ ಒಂದು ವಾರ ಬಿಟ್ಟೋ, ಗಾಜಿನ ಹಾಗೆ ಫಟ್ ಅಂತ ಮುರಿಯುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ-ಓಕ್‌ಲ್ಯಾಂಡ್ ಸೇತುವೆಯ ಹೊಸ ಭಾಗದಲ್ಲಿ 2013ರ ಮಾರ್ಚ್‌ನಲ್ಲಿ ಗ್ಯಾಲ್ವನೈಸ್ ಮಾಡಿದ 96 ದೊಡ್ಡ ರಾಡ್‌ಗಳನ್ನು ಬಿಗಿ ಮಾಡಿದರು. ಕೆಲವೇ ದಿನಗಳಲ್ಲಿ 32 ಮುರಿದವು. ಹೈಡ್ರೋಜನ್ ಸೇರಿಕೊಂಡು ಉಕ್ಕು ಪೆಡಸಾದದ್ದೇ ಕಾರಣ. ಅದಕ್ಕೇ ಗಟ್ಟಿ ಉಕ್ಕಿನ ಭಾಗಗಳನ್ನು ಪ್ಲೇಟಿಂಗ್ ಆದ ನಾಲ್ಕು ಗಂಟೆಯೊಳಗೆ 200 ಡಿಗ್ರಿಯ ಆಸುಪಾಸಿನ ಓವನ್‌ಗೆ ಹಾಕಿ ಗಂಟೆಗಟ್ಟಲೆ ಬೇಕಿಂಗ್ ಮಾಡಬೇಕು. ಮಾಡಿದರೋ ಬಿಟ್ಟರೋ ಕಣ್ಣಿಗೆ ಕಾಣುವುದಿಲ್ಲ. ಬೇಕ್ ಮಾಡಿದ ಬೋಲ್ಟೂ ಮಾಡದ ಬೋಲ್ಟೂ ಒಂದೇ ಥರ ಹೊಳೆಯುತ್ತವೆ. ದರ ಹಿಂಡಿದಾಗ ಸದ್ದಿಲ್ಲದೆ ಬಿಟ್ಟುಹೋಗುವ ಕೆಲಸ ಇಂಥದ್ದೇ.

ಈಗ ಕ್ರೋಮ್‌ಗೆ ಬರೋಣ.

ಬೈಕಿನ ಹ್ಯಾಂಡಲ್, ಬಚ್ಚಲಮನೆಯ ನಲ್ಲಿ ಹೊಳೆಯುವುದು ಕ್ರೋಮ್‌ನಿಂದ ಅಂತ ನಾವು ಹೇಳುತ್ತೇವೆ. ನಿಜ ಹೇಳಬೇಕೆಂದರೆ ಅಲ್ಲಿ ತುಕ್ಕು ತಡೆಯುವುದು ಕೆಳಗಿರುವ ಹತ್ತಿಪ್ಪತ್ತು ಮೈಕ್ರಾನ್ ನಿಕಲ್. ಕ್ರೋಮ್ ಇರುವುದು ಅದರ ಮೇಲೆ ಒಂದು ಮೈಕ್ರಾನಿನ ಮೂರನೇ ಒಂದು ಭಾಗದಷ್ಟು. ಬಣ್ಣ ಕೆಡದಂತೆ, ಗೀರು ಬೀಳದಂತೆ ನೋಡಿಕೊಳ್ಳುವುದು ಅದರ ಕೆಲಸ. ಇದು ಅಲಂಕಾರದ ಕ್ರೋಮ್. ಇನ್ನೊಂದು ಹಾರ್ಡ್ ಕ್ರೋಮ್. ಜೆಸಿಬಿಯ ತೋಳನ್ನು ಎತ್ತುವ ಹೈಡ್ರಾಲಿಕ್ ರಾಡ್, ಬೈಕಿನ ಶಾಕ್ ಅಬ್ಸಾರ್ಬರ್ ರಾಡ್, ಪಿಸ್ಟನ್ ರಿಂಗು ಇವುಗಳ ಮೇಲೆ 20 ಮೈಕ್ರಾನಿನಿಂದ ಹಿಡಿದು ನೂರಾರು ಮೈಕ್ರಾನ್‌ವರೆಗೂ ಹಾಕುತ್ತಾರೆ. ವಿಕರ್ಸ್ ಅಳತೆಯಲ್ಲಿ 850ರಿಂದ 1000ದಷ್ಟು ಗಟ್ಟಿ. ಧೂಳು, ಮಣ್ಣಿನ ನಡುವೆ ಲಕ್ಷಾಂತರ ಸಲ ಒಳಗೆ ಹೊರಗೆ ಜಾರಿದರೂ ಸವೆಯುವುದಿಲ್ಲ.

ಎರಡಕ್ಕೂ ಹಳೆಯ ತೊಟ್ಟಿ ಒಂದೇ. ಲೀಟರಿಗೆ 250 ಗ್ರಾಂ ಕ್ರೋಮಿಕ್ ಆ್ಯಸಿಡ್, ಎರಡೂವರೆ ಗ್ರಾಂ ಸಲ್ಫ್ಯೂರಿಕ್ ಆ್ಯಸಿಡ್. ಗಾಢ ಕೆಂಗಂದು ಬಣ್ಣದ ನೀರು. ಸತುವಿನ ತೊಟ್ಟಿಗೂ ಇದಕ್ಕೂ ಇರುವ ವ್ಯತ್ಯಾಸ ನೋಡಿ. ಒಂದು ಆಂಪಿಯರ್-ಗಂಟೆಗೆ ಸತು 1.22 ಗ್ರಾಂ ಬರುತ್ತದೆ ಅಂದೆ ಅಲ್ವಾ? ಹೆಕ್ಸಾ ಕ್ರೋಮ್ ತೊಟ್ಟಿಯಲ್ಲಿ ಪೂರ್ತಿ ಕರೆಂಟ್ ಕೆಲಸಕ್ಕೆ ಬಂದರೂ ಸಿಗುವುದು 0.32 ಗ್ರಾಂ. ಪೂರ್ತಿ ಬರುವುದೂ ಇಲ್ಲ. ನೂರರಲ್ಲಿ ಹತ್ತರಿಂದ ಇಪ್ಪತ್ತು ಪಾಲು ಮಾತ್ರ ಲೋಹ ಆಗುತ್ತದೆ. ಕೊನೆಗೆ ಕೈಗೆ ಬರುವುದು ಸುಮಾರು 0.05 ಗ್ರಾಂ. ಉಳಿದ ಕರೆಂಟೆಲ್ಲ ನೀರನ್ನು ಒಡೆಯುತ್ತದೆ. ಒಂದು ಕಡೆ ಹೈಡ್ರೋಜನ್, ಇನ್ನೊಂದು ಕಡೆ ಆಮ್ಲಜನಕ ಗುಳ್ಳೆಯಾಗಿ ಮೇಲೇಳುತ್ತದೆ. ಸೋಡಾ ಬಾಟಲಿ ತೆರೆದಾಗ ಮೂಗಿಗೆ ತುಂತುರು ಹಾರುವಂತೆ, ಒಡೆಯುವ ಪ್ರತಿ ಗುಳ್ಳೆ ಕ್ರೋಮಿಕ್ ಆ್ಯಸಿಡ್‌ನ ಕಣ ಹೊತ್ತು ಗಾಳಿಗೆ ಏರುತ್ತದೆ.

ಆ ಗಾಳಿಯನ್ನು ಉಸಿರಾಡುವವರು ತೊಟ್ಟಿಯ ಪಕ್ಕ ನಿಂತ ಕೆಲಸಗಾರರು. ಅವರ ಚರ್ಮದ ಮೇಲೆ ಸುಲಭಕ್ಕೆ ವಾಸಿಯಾಗದ ಹುಣ್ಣು ಏಳುತ್ತದೆ. ಮೂಗಿನ ಎರಡು ಹೊಳ್ಳೆಗಳ ನಡುವಿನ ಗೋಡೆಯಲ್ಲಿ ತೂತು ಬೀಳುತ್ತದೆ. ಕ್ರೋಮ್ ಕೆಲಸಗಾರರಲ್ಲಿ ಇದನ್ನು ವೈದ್ಯರು ಬಹಳ ಹಿಂದೆಯೇ ಗುರುತಿಸಿದ್ದಾರೆ. ವರ್ಷಗಳು ಕಳೆದ ಮೇಲೆ ಶ್ವಾಸಕೋಶದ ಕ್ಯಾನ್ಸರ್ ಬರುವ ಸಾಧ್ಯತೆ. ಗಾಳಿ ಎಳೆಯುವ ಹುಡ್ ಕೂರಿಸಿದರೆ ಬಹಳಷ್ಟು ತಪ್ಪುತ್ತದೆ. ನೊರೆ ಬರಿಸಿ ತುಂತುರು ತಡೆಯುವ ರಸಾಯನವೂ ಇದೆ. ಆದರೆ ಅದಕ್ಕೆಂದು ದಶಕಗಳ ಕಾಲ ಬಳಸಿದ ಪಿಎಫ್‌ಒಎಸ್ ಎಂಬುದು ಮಣ್ಣಿನಲ್ಲಿ, ನೀರಿನಲ್ಲಿ, ದೇಹದಲ್ಲಿ ಒಡೆದು ಹೋಗದೆ ಉಳಿಯುವ ವಸ್ತು ಅಂತ ತಿಳಿದು, 2009ರಲ್ಲಿ ಇಂಥ ವಸ್ತುಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿಸಿದರು.

ತೊಟ್ಟಿಯಿಂದ ಹೊರಬಿದ್ದ ನೀರಿನ ಕಥೆ ಇನ್ನೂ ದೂರ ಹೋಗುತ್ತದೆ. ಕ್ರೋಮಿಯಂನಲ್ಲಿ ಎರಡು ರೂಪ. ಮೂರು ವೇಲೆನ್ಸಿಯದ್ದು ಮಣ್ಣಿಗೆ ಬಿದ್ದರೆ ಗಟ್ಟಿಯಾಗಿ ಅಲ್ಲೇ ಕೂರುತ್ತದೆ. ಆರು ವೇಲೆನ್ಸಿಯದ್ದು ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಮಣ್ಣಿಗೆ ಅಂಟುವುದಿಲ್ಲ, ನೀರಿನ ಜೊತೆಗೇ ನಡೆಯುತ್ತದೆ. ಬೆಂಗಳೂರಿನ ಕೆಳಗೆ ಇರುವುದು ಗಟ್ಟಿ ಬಂಡೆ. ಅಂತರ್ಜಲ ಇರುವುದು ಆ ಬಂಡೆಯ ಬಿರುಕುಗಳಲ್ಲಿ. ಒಂದು ಬಿರುಕಿಗೆ ಸೇರಿದ ವಿಷ ಯಾವ ಬೋರ್‌ವೆಲ್‌ನಲ್ಲಿ ತಲೆ ಎತ್ತುತ್ತದೆ ಅಂತ ಮೇಲಿಂದ ನೋಡಿ ಹೇಳಲು ಆಗುವುದಿಲ್ಲ. ಪೀಣ್ಯದಲ್ಲಿ ಆದದ್ದು ಇದೇ. 1970ರ ದಶಕದಲ್ಲಿ ಬೆಳೆಯಲು ಶುರುವಾದ ಈ ಕೈಗಾರಿಕಾ ಪ್ರದೇಶದಲ್ಲಿ ಸಾವಿರಾರು ಸಣ್ಣ ಕಾರ್ಖಾನೆಗಳಿವೆ, ಅವುಗಳ ನಡುವೆ ಗಲ್ಲಿಗಲ್ಲಿಯಲ್ಲಿ ಪ್ಲೇಟಿಂಗ್ ಅಂಗಡಿಗಳು. ಅಲ್ಲಿನ ಬೋರ್‌ವೆಲ್ ನೀರಿನಲ್ಲಿ ಹೆಕ್ಸಾ ಕ್ರೋಮ್ ಇರುವುದನ್ನು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ.

ಎಷ್ಟು ಕಮ್ಮಿ ಸಾಕು ಅಂತ ನಾನು ಒಂದು ಸಲ ಕಾಗದದ ಮೇಲೆ ಲೆಕ್ಕ ಹಾಕಿದೆ. ಕ್ರೋಮಿಕ್ ತೊಟ್ಟಿಯ ಒಂದು ಲೀಟರಿನಲ್ಲಿ 130 ಗ್ರಾಂ ಕ್ರೋಮಿಯಂ ಇರುತ್ತದೆ. ಕುಡಿಯುವ ನೀರಿಗೆ ನಮ್ಮ ದೇಶದ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ಒಂದು ಹನಿ ಅಂದರೆ ಮಿಲಿಲೀಟರಿನ ಇಪ್ಪತ್ತನೇ ಒಂದು ಭಾಗ. ಆ ಒಂದು ಹನಿ ಮಿತಿಯೊಳಗೆ ಬರಬೇಕಾದರೆ ಅದನ್ನು 130 ಲೀಟರ್ ನೀರಿಗೆ ಬೆರೆಸಬೇಕು. ಎಂಟೊಂಬತ್ತು ಬಿಂದಿಗೆ ನೀರಿಗೆ ಒಂದು ಹನಿ. ಮಾಲು ನೇತುಹಾಕಿದ ರ‍್ಯಾಕ್ ಎತ್ತಿದಾಗ ನೆಲಕ್ಕೆ ಸೋರುವ ಹನಿಗಳನ್ನು ಎಣಿಸುವವರು ಯಾರು?

ಬೇರೆ ಕಡೆ ಈ ಮಾತು ಎಲ್ಲಿಗೆ ಬಂದು ನಿಂತಿದೆ ನೋಡೋಣ. ಎಲೆಕ್ಟ್ರಾನಿಕ್ಸ್ ವಸ್ತುಗಳಲ್ಲಿ ಹೆಕ್ಸಾ ಕ್ರೋಮ್‌ಗೆ 2006ರ ಜುಲೈಯಿಂದ ಯುರೋಪು ಮಿತಿ ಹಾಕಿತು. ಮರುವರ್ಷ ಕಾರುಗಳಿಗೂ ಬಂತು. ಕ್ರೋಮಿಕ್ ಆ್ಯಸಿಡ್ ತೊಟ್ಟಿಯನ್ನೇ ಅನುಮತಿ ಇಲ್ಲದೆ ಬಳಸಬಾರದು ಎಂಬ ನಿಯಮ 2017ರ ಸೆಪ್ಟೆಂಬರ್‌ನಲ್ಲಿ ಜಾರಿಯಾಯಿತು. ಅನುಮತಿ ಕೇಳುವವರ ಸಾಲು ಬೆಳೆದದ್ದರಿಂದ 2025ರ ಏಪ್ರಿಲ್‌ನಲ್ಲಿ ಅಲ್ಲಿನ ರಾಸಾಯನಿಕ ಸಂಸ್ಥೆ ನೇರ ನಿರ್ಬಂಧದ ಪ್ರಸ್ತಾವ ಮುಂದಿಟ್ಟಿದೆ. ಕ್ಯಾಲಿಫೋರ್ನಿಯಾ 2023ರಲ್ಲಿ ಇನ್ನೂ ಖಚಿತವಾಗಿ ಹೇಳಿತು: ಅಲಂಕಾರದ ಹೆಕ್ಸಾ ಕ್ರೋಮ್ 2027ರಿಂದ ನಿಲ್ಲಬೇಕು, ಕಟ್ಟಡವನ್ನು ಗಾಳಿ ಸೋರದಂತೆ ಪೂರ್ತಿ ಬಿಗಿ ಮಾಡಿಕೊಂಡವರಿಗೆ 2030ರವರೆಗೆ ಅವಕಾಶ, ಹಾರ್ಡ್ ಕ್ರೋಮ್‌ಗೆ 2039ರವರೆಗೆ.

ನಮ್ಮಲ್ಲಿ ಪ್ಲೇಟಿಂಗ್ ಕೆಂಪು ವರ್ಗದ, ಅಂದರೆ ಬಹಳ ಮಾಲಿನ್ಯ ಮಾಡುವ, ಕೈಗಾರಿಕೆ. ಕೆರೆ, ಹೊಳೆಗೆ ಬಿಡುವ ನೀರಿನಲ್ಲಿ ಹೆಕ್ಸಾ ಕ್ರೋಮ್ ಲೀಟರಿಗೆ 0.1 ಮಿಲಿಗ್ರಾಂ ಮೀರಬಾರದು, ಕೆಲವು ಪ್ಲೇಟಿಂಗ್ ತೊಟ್ಟಿಗಳಲ್ಲಿ ಬಳಸುವ ಸಯನೈಡ್ 0.2 ಮೀರಬಾರದು. ಇ-ತ್ಯಾಜ್ಯ ನಿಯಮದಲ್ಲಿ ಎಲೆಕ್ಟ್ರಾನಿಕ್ಸ್‌ಗೂ ಮಿತಿ ಇದೆ. ಆದರೆ ಸುಮ್ನೆ ಅಂಗಡಿಯಲ್ಲಿ ಮಾರುವ ಬೋಲ್ಟು, ಬಾಗಿಲ ಚಿಲಕ, ಗೇಟಿನ ಕೀಲಿಗೆ ಇಂಥ ತಡೆ ಇಲ್ಲ. ನಮ್ಮ ನಿಯಮ ಹೆಚ್ಚಾಗಿ ಕೊಳವೆಯ ತುದಿಯಲ್ಲಿ ನಿಂತು ಅಳೆಯುತ್ತದೆ, ತೊಟ್ಟಿಯಲ್ಲಿ ಏನಿದೆ ಅಂತ ಕೇಳುವುದಿಲ್ಲ. ಹಾಗಾಗಿ ಒಂದೇ ಶೆಡ್ಡಿನಲ್ಲಿ ಎರಡು ತೊಟ್ಟಿ ಅಕ್ಕಪಕ್ಕ ಇರುವುದನ್ನು ನೋಡಿದ್ದೇನೆ. ಹೊರದೇಶಕ್ಕೆ ಹೋಗುವ ಮಾಲಿಗೆ ಟ್ರೈ, ಅಂದರೆ ಮೂರು ವೇಲೆನ್ಸಿಯ ಕ್ರೋಮ್, ಊರಿನ ಮಾಲಿಗೆ ಹೆಕ್ಸಾ. ಕೆಲಸಗಾರ ಒಬ್ಬನೇ. ಜರ್ಮನಿಯ ಗ್ರಾಹಕನಿಗೆ ಸಿಗುವ ರಕ್ಷಣೆ ತೊಟ್ಟಿಯ ಪಕ್ಕ ನಿಂತ ಆ ಹುಡುಗನಿಗೆ ಸಿಗುವುದಿಲ್ಲ.

ಟ್ರೈ ಕ್ರೋಮ್ ಅಂದರೆ ಎಲ್ಲ ಸಲೀಸು ಅಂತಲ್ಲ, ಅದನ್ನೂ ಹೇಳಬೇಕು. ಹಳದಿ ಪೊರೆಯಲ್ಲಿ ಒಂದು ದೊಡ್ಡ ಗುಣ ಇತ್ತು. ಗೀರು ಬಿದ್ದರೆ ಪೊರೆಯಲ್ಲಿರುವ ಹೆಕ್ಸಾ ಕ್ರೋಮ್ ಸ್ವಲ್ಪ ಸ್ವಲ್ಪವೇ ಕರಗಿ ಬಂದು ಆ ಗಾಯವನ್ನು ತಾನೇ ಮುಚ್ಚುತ್ತಿತ್ತು. ಟ್ರೈ ಪೊರೆಗೆ ಆ ಶಕ್ತಿ ಇಲ್ಲ. ಅದಕ್ಕೆ ದಪ್ಪ ಟ್ರೈ ಪೊರೆ ಬರಿಸಿ, ಮೇಲೆ ಸೀಲರ್ ಹಾಕಿ ಸರಿದೂಗಿಸುತ್ತಾರೆ. ಇನ್ನೂ ಜಾಸ್ತಿ ಬಾಳಿಕೆ ಬೇಕಾದರೆ ಸತು-ನಿಕಲ್ ಮಿಶ್ರ ಲೇಪ ಇದೆ, ನಿಕಲ್ ನೂರಕ್ಕೆ 12ರಿಂದ 15. ಉಪ್ಪುನೀರಿನ ತುಂತುರಿನ ಪರೀಕ್ಷೆಯಲ್ಲಿ ಇದು ಸಾವಿರ ಗಂಟೆಯ ಲೆಕ್ಕದಲ್ಲಿ ಕೆಂಪು ತುಕ್ಕು ಬಾರದಂತೆ ನಿಲ್ಲುತ್ತದೆ. ಕಾರಿನ ಬ್ರೇಕ್ ಭಾಗಗಳಿಗೆ ಈಗ ಹೆಚ್ಚಾಗಿ ಕೇಳುವುದು ಇದನ್ನೇ.

ಅಲಂಕಾರದ ಕ್ರೋಮ್‌ಗೆ ಟ್ರೈ ತೊಟ್ಟಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಒಂದು ಲೀಟರಿನಲ್ಲಿ ಇರುವ ಕ್ರೋಮಿಯಂ 20 ಗ್ರಾಂ ಆಸುಪಾಸು. ಹೆಕ್ಸಾದಲ್ಲಿ 130. ಸೋರಿ ಹೋಗುವ ಲೋಹವೇ ಅಷ್ಟು ಕಮ್ಮಿ. ಕಷ್ಟ ಬೇರೆ ಕಡೆ ಇದೆ. ಹೆಕ್ಸಾ ತೊಟ್ಟಿ ಒರಟು ಸ್ವಭಾವದ್ದು, ಸ್ವಲ್ಪ ಕೊಳೆ, ಸ್ವಲ್ಪ ಕಬ್ಬಿಣ ಬೆರೆತರೂ ನಡೆದುಕೊಂಡು ಹೋಗುತ್ತದೆ. ಟ್ರೈ ತೊಟ್ಟಿಗೆ ಕಬ್ಬಿಣ, ತಾಮ್ರ ಬೆರೆತರೆ ಕಪ್ಪು ಗೆರೆ ಬೀಳುತ್ತದೆ. ಶುದ್ಧ ಮಾಡುವ ರೆಸಿನ್ ಬೇಕು, ವಿಶೇಷ ಲೇಪದ ಆ್ಯನೋಡ್ (ಧನ ತುದಿಗೆ ಕೊಡುವ ತುಂಡು) ಬೇಕು, ದಿನಾ ಅಳೆದು ನೋಡುವವರು ಬೇಕು. ಇಷ್ಟು ವರ್ಷ ಕಣ್ಣಳತೆಯಲ್ಲೇ ತೊಟ್ಟಿ ನಡೆಸಿಕೊಂಡು ಬಂದ ಅನುಭವಿ ಮೇಸ್ತ್ರಿಗೆ ಈಗ ಬ್ಯೂರೆಟ್, ಪಿಎಚ್ ಮೀಟರ್ ಜೊತೆ ಬದುಕಬೇಕು. ಬಣ್ಣವೂ ಒಂಚೂರು ಬೇರೆ. ಮೊದಲಿನಷ್ಟು ವ್ಯತ್ಯಾಸ ಈಗ ಇಲ್ಲದಿದ್ದರೂ, ಹಳೆ ಕ್ರೋಮ್ ಪಕ್ಕ ಇಟ್ಟರೆ ಪಳಗಿದ ಕಣ್ಣು ಹಿಡಿಯುತ್ತದೆ.

ಇದೆಲ್ಲ ಕಲಿಯಬಹುದಾದದ್ದು, ಕೊಳ್ಳಬಹುದಾದದ್ದು. ಕಾರೈಕುಡಿಯಲ್ಲಿ ವಿದ್ಯುತ್-ರಸಾಯನಕ್ಕೆಂದೇ ಒಂದು ರಾಷ್ಟ್ರೀಯ ಸಂಶೋಧನಾ ಸಂಸ್ಥೆ 1953ರಿಂದ ಕೆಲಸ ಮಾಡುತ್ತಿದೆ. ತಿಳಿವಳಿಕೆಗೆ ಬರ ಇಲ್ಲ. ಹಾಗಾದರೆ ಯಾಕೆ ನಿಂತಿದೆ?

ಜಾಬ್ ವರ್ಕ್ ಹೇಗೆ ನಡೆಯುತ್ತದೆ ನೋಡಿ. ಬೋಲ್ಟು ಮಾಡುವವರು ಒಬ್ಬರು, ಪ್ಲೇಟಿಂಗ್ ಮಾಡುವವರು ಇನ್ನೊಬ್ಬರು. ಗೋಣಿಚೀಲದಲ್ಲಿ ಬೋಲ್ಟು ಬರುತ್ತದೆ, ಬ್ಯಾರೆಲ್‌ಗೆ ಸುರಿದು ಉರುಳಿಸಿ ಪ್ಲೇಟಿಂಗ್ ಮಾಡಿ ಅದೇ ಚೀಲದಲ್ಲಿ ವಾಪಸ್ ಕಳಿಸುತ್ತಾರೆ. ದರ ಕೆಜಿ ಲೆಕ್ಕ. ಪಕ್ಕದ ಗಲ್ಲಿಯವರು ಕೆಜಿಗೆ ಐವತ್ತು ಪೈಸೆ ಕಮ್ಮಿ ಅಂದರೆ ಚೀಲ ಅಲ್ಲಿಗೆ ಹೋಗುತ್ತದೆ. ಕೊಟ್ಟ ಕಾಗದದಲ್ಲಿ ಬರೆದಿರುವುದು "ಯೆಲ್ಲೋ ಜಿಂಕ್" ಎಂಬ ಎರಡೇ ಪದ. ಎಷ್ಟು ಮೈಕ್ರಾನ್, ಯಾವ ಕ್ರೋಮ್, ಬೇಕಿಂಗ್ ಬೇಕೋ ಬೇಡವೋ, ಯಾವುದೂ ಇಲ್ಲ. ಟ್ರೈಗೆ ಹೋದವನ ಖರ್ಚು ಏರುತ್ತದೆ, ಅವನ ಬೋಲ್ಟು ನೋಡಲು ಅಷ್ಟೇ. ನೀರು ಶುದ್ಧ ಮಾಡುವ ಘಟಕ ಇಟ್ಟವನ ಖರ್ಚು ಏರುತ್ತದೆ, ಅವನ ಬೋಲ್ಟೂ ನೋಡಲು ಅಷ್ಟೇ. ಒಳ್ಳೆಯ ಕೆಲಸ ಮಾಡಿದವನಿಗೇ ದಂಡ ಬೀಳುವ ವ್ಯವಹಾರ ಇದು. ಮಾಲಿನ್ಯ ಮಂಡಳಿಯವರು ಬಂದು ಒಂದು ಅಂಗಡಿಗೆ ಬೀಗ ಹಾಕಿದರೆ, ಆ ಚೀಲ ಇನ್ನೂ ಒಳಗಿನ ಗಲ್ಲಿಯ, ಬೋರ್ಡೇ ಇಲ್ಲದ ಶೆಡ್ಡಿಗೆ ಹೋಗುತ್ತದೆ.

ಹಾಗಂತ ಅಂಗಡಿಯವರ ಕೈಯಲ್ಲಿ ಏನೂ ಇಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಪ್ಲೇಟಿಂಗ್ ತೊಟ್ಟಿಯಿಂದ ಹೊರಹೋಗುವ ವಿಷದಲ್ಲಿ ಹೆಚ್ಚಿನ ಪಾಲು ತೊಟ್ಟಿ ಒಡೆದು ಹೋಗುವುದಲ್ಲ. ಮಾಲಿನ ಮೈಗೆ ಅಂಟಿಕೊಂಡು ಹೋಗುವುದು. ರ‍್ಯಾಕ್ ಎತ್ತಿದ ಕೂಡಲೇ ಪಕ್ಕದ ತೊಳೆಯುವ ತೊಟ್ಟಿಗೆ ಹಾಕಿದರೆ, ಅಂಟಿದ್ದೆಲ್ಲ ತೊಳೆನೀರಿಗೆ. ಅದೇ ರ‍್ಯಾಕನ್ನು ತೊಟ್ಟಿಯ ಮೇಲೆಯೇ ಒಂದರಿಂದ ಹತ್ತು ಎಣಿಸುವವರೆಗೆ ಹಿಡಿದರೆ, ಸ್ವಲ್ಪ ಓರೆ ಮಾಡಿ ಕುಲುಕಿದರೆ, ಅದರಲ್ಲಿ ಒಳ್ಳೆಯ ಪಾಲು ತೊಟ್ಟಿಗೇ ವಾಪಸ್ ಬೀಳುತ್ತದೆ. ದುಡ್ಡು ಕೊಟ್ಟು ತಂದ ರಸಾಯನವೂ ಉಳಿಯುತ್ತದೆ. ಇದಕ್ಕೆ ಯಂತ್ರ ಬೇಡ, ತೊಟ್ಟಿಯ ಮೇಲೆ ರ‍್ಯಾಕ್ ನೇತುಹಾಕಲು ಒಂದು ಅಡ್ಡಪಟ್ಟಿ ಸಾಕು.

ತೊಳೆಯುವುದರಲ್ಲಿ ಇನ್ನೂ ದೊಡ್ಡ ಉಳಿತಾಯ ಇದೆ. ಒಂದು ಲೀಟರ್ ತೊಟ್ಟಿನೀರು ಮಾಲಿಗೆ ಅಂಟಿ ಬಂತು ಅಂದುಕೊಳ್ಳಿ. ಅದು ಸಾವಿರ ಪಾಲು ತೆಳುವಾದರೆ ಮಾಲು ಶುದ್ಧ. ಒಂದೇ ತೊಟ್ಟಿಯಲ್ಲಿ ತೊಳೆದರೆ ಸಾವಿರ ಲೀಟರ್ ನೀರು ಬೇಕು. ಎರಡು ತೊಟ್ಟಿ ಸಾಲಾಗಿ ಇಟ್ಟು, ಶುದ್ಧ ನೀರನ್ನು ಕೊನೆಯ ತೊಟ್ಟಿಗೆ ಬಿಟ್ಟು, ಅದರಿಂದ ಉಕ್ಕಿದ ನೀರು ಮೊದಲನೆಯದಕ್ಕೆ ಬರುವಂತೆ ಮಾಡಿದರೆ ಅದೇ ಕೆಲಸಕ್ಕೆ ಸುಮಾರು 32 ಲೀಟರ್ ಸಾಕು. ಮೂರು ತೊಟ್ಟಿ ಆದರೆ ಹತ್ತು ಲೀಟರ್. ಮಾಲು ಮುಂದೆ ಹೋಗುತ್ತದೆ, ನೀರು ಹಿಂದೆ ಬರುತ್ತದೆ. ಹತ್ತು ಲೀಟರ್ ಆದರೆ ಶುದ್ಧ ಮಾಡುವುದೂ ಸುಲಭ. ಹೆಕ್ಸಾ ಇದ್ದರೆ ಪಿಎಚ್ ಎರಡೂವರೆಗೆ ಇಳಿಸಿ ಸೋಡಿಯಂ ಮೆಟಾಬೈಸಲ್ಫೈಟ್ ಹಾಕುತ್ತಾರೆ. ಹಳದಿ ನೀರು ಕಣ್ಣೆದುರೇ ಹಸಿರಾಗುತ್ತದೆ. ಹೆಕ್ಸಾ ಹೋಗಿ ಟ್ರೈ ಆಯಿತು ಅಂತ ಅರ್ಥ. ಆಮೇಲೆ ಸುಣ್ಣ ಹಾಕಿ ಪಿಎಚ್ ಎಂಟಕ್ಕೆ ಏರಿಸಿದರೆ ಕ್ರೋಮಿಯಂ ಕೆಸರಾಗಿ ತಳಕ್ಕೆ ಕೂರುತ್ತದೆ. ಆ ಕೆಸರು ಅಪಾಯಕಾರಿ ತ್ಯಾಜ್ಯ. ದಾಬಸ್‌ಪೇಟೆಯ ವಿಲೇವಾರಿ ಜಾಗಕ್ಕೆ ಹೋಗಬೇಕು, ರಾಜಕಾಲುವೆಗಲ್ಲ. ಒಂದು ಎಚ್ಚರಿಕೆ: ಸಯನೈಡ್ ಇರುವ ತೊಳೆನೀರನ್ನು ಈ ಆ್ಯಸಿಡ್ ನೀರಿಗೆ ಎಂದೂ ಬೆರೆಸಬಾರದು. ಹುಟ್ಟುವ ಗಾಳಿ ನಿಂತಲ್ಲೇ ಪ್ರಾಣ ತೆಗೆಯುತ್ತದೆ.

ಸಣ್ಣ ಅಂಗಡಿಗಳು ಒಬ್ಬೊಬ್ಬರೇ ಘಟಕ ಕಟ್ಟಲು ಆಗದಿದ್ದರೆ ಎಲ್ಲರಿಗೂ ಸೇರಿ ಒಂದು ಸಾಮಾನ್ಯ ಘಟಕ ಬೇಕು. ಸರಕಾರ ಕೈ ಹಾಕಬೇಕಾದ ಜಾಗ ಇದು. ಆದರೆ ಅದಕ್ಕಿಂತ ಮುಂಚೆ ಬದಲಾಗಬೇಕಾದದ್ದು ಆ ಎರಡು ಪದದ ಕಾಗದ. ಮಾಲು ಕೊಡುವ ಕಂಪನಿ ತನ್ನ ಡ್ರಾಯಿಂಗಿನಲ್ಲಿ "ಸತು 8 ಮೈಕ್ರಾನ್, ಟ್ರೈ ಪ್ಯಾಸಿವೇಶನ್, ಹೆಕ್ಸಾ ಇರಕೂಡದು" ಅಂತ ಒಂದು ಸಾಲು ಬರೆದು, ಅದಕ್ಕೆ ತಕ್ಕ ದರ ಕೊಡಲಿ. ಬರೆದು ಸುಮ್ಮನಾದರೆ ಪ್ರಯೋಜನ ಇಲ್ಲ, ಬಂದ ಮಾಲನ್ನು ನೋಡಬೇಕು. ಬಣ್ಣ ನೋಡಿ ಹೇಳಲು ಈಗ ಆಗುವುದಿಲ್ಲ, ಯಾಕೆಂದರೆ ಟ್ರೈ ಪೊರೆಗೂ ಹಳದಿ ಬಣ್ಣ ಬೆರೆಸಿ ಮಾರುತ್ತಾರೆ. ಡೈಫಿನೈಲ್ ಕಾರ್ಬಜೈಡ್ ಎಂಬ ರಸಾಯನ ಇದೆ. ನಾಲ್ಕು ಬೋಲ್ಟನ್ನು ಬಿಸಿನೀರಿನಲ್ಲಿ ಕುದಿಸಿ, ಆ ನೀರಿಗೆ ಆ್ಯಸಿಡ್ ಜೊತೆ ಇದನ್ನು ಹಾಕಿದರೆ, ಹೆಕ್ಸಾ ಇದ್ದಲ್ಲಿ ನೀರು ನೇರಳೆಗೆಂಪು ಆಗುತ್ತದೆ. ಇಲ್ಲದಿದ್ದರೆ ಹಾಗೇ ಇರುತ್ತದೆ. ದೊಡ್ಡ ಲ್ಯಾಬ್ ಬೇಕಿಲ್ಲ, ಇನ್‌ಸ್ಪೆಕ್ಷನ್ ಟೇಬಲ್ಲಿನ ಮೇಲೆ ಆಗುವ ಕೆಲಸ.

ಬೋಲ್ಟಿಗೆ, ನಲ್ಲಿಗೆ, ಚಿಲಕಕ್ಕೆ ಹೀಗೆ ದಾರಿ ಇದೆ. ಹಾರ್ಡ್ ಕ್ರೋಮ್‌ಗೆ ಇಷ್ಟು ನೇರ ಉತ್ತರ ಇಲ್ಲ. ಟ್ರೈ ತೊಟ್ಟಿಯಿಂದ ನೂರಾರು ಮೈಕ್ರಾನ್ ದಪ್ಪ, ಅಷ್ಟೇ ಗಟ್ಟಿಯಾಗಿ ಬರಿಸುವುದು ಇನ್ನೂ ಕಷ್ಟ. ವಿಮಾನದ ಲ್ಯಾಂಡಿಂಗ್ ಗೇರ್‌ಗೆ ಟಂಗ್‌ಸ್ಟನ್ ಕಾರ್ಬೈಡ್ ಪುಡಿಯನ್ನು ಬಿರುಸಾದ ಜ್ವಾಲೆಯಲ್ಲಿ ಚಿಮ್ಮಿಸಿ ಕೂರಿಸುತ್ತಾರೆ. ಅದು ಕ್ರೋಮ್‌ಗಿಂತಲೂ ಗಟ್ಟಿ. ಆದರೆ ಒಂದು ಟ್ರ್ಯಾಕ್ಟರ್ ಜಾಕಿನ ರಾಡಿಗೆ ಆ ಖರ್ಚು ತಡೆಯುವುದಿಲ್ಲ, ಕೊಳವೆಯ ಒಳಮೈಗೆ ಆ ಜ್ವಾಲೆ ತಲುಪುವುದೂ ಇಲ್ಲ. ಎಲೆಕ್ಟ್ರೋಲೆಸ್ ನಿಕಲನ್ನು 400 ಡಿಗ್ರಿಯ ಹತ್ತಿರ ಕಾಯಿಸಿ ಗಟ್ಟಿ ಮಾಡಿ ಕೆಲವು ಕಡೆ ಬಳಸಬಹುದು. ಕ್ಯಾಲಿಫೋರ್ನಿಯಾದವರೂ ಇದಕ್ಕೆ 2039ರವರೆಗೆ ಸಮಯ ಕೊಟ್ಟದ್ದು ಈ ಕಾರಣಕ್ಕೇ. ಅಲ್ಲಿಯವರೆಗೆ ಹೆಕ್ಸಾ ತೊಟ್ಟಿ ಇರುವ ಪ್ರತಿ ಶೆಡ್ಡಿನಲ್ಲೂ ತೊಟ್ಟಿಯ ಅಂಚಿಗೆ ಗಾಳಿ ಎಳೆಯುವ ಹುಡ್ ಇರಬೇಕು, ಅದರ ಮೋಟಾರು ಓಡುತ್ತಿರಬೇಕು, ಕೆಲಸಗಾರರ ಮೂಗನ್ನು ವರ್ಷಕ್ಕೊಮ್ಮೆಯಾದರೂ ವೈದ್ಯರು ನೋಡಬೇಕು. ಇದನ್ನು ಮಾಡಲು 2039ರ ತನಕ ಕಾಯಬೇಕಾಗಿಲ್ಲ.